ಉಳಿದ ಶೇಂಗಾದ ಲೆಕ್ಕ

ವಾಸ್ಕೋದ ನಮ್ಮ ಓಣಿಯಲ್ಲಿ ಹುಬ್ಬಳ್ಳಿ ಕಡೆಯವರ ಗಾಡಿಯೊಂದಿದೆ. ಸಂಜೆ ಗಿರಮಿಟ್ ತಂದುಕೊಟ್ಟರೆ ಅಕ್ಕನ ಮಗ ಮಂಡಕ್ಕಿಯನ್ನೇ ಹೆಚ್ಚು ಮುಕ್ಕುತ್ತಾನೆ, ಶೇಂಗಾ ಬಾಯಿಗೆ ಹೋಗುವುದು ಆಗೊಂದು ಈಗೊಂದು. ಅವನೆಷ್ಟು ತಿಂದ ಅಂತ ಕಾವಲು ಕೂರಬೇಕಿಲ್ಲ. ಪೊಟ್ಟಣದಲ್ಲಿ ಶೇಂಗಾ ಎಷ್ಟು ಒತ್ತಾಗಿ ಉಳಿದಿದೆ ನೋಡಿದರೆ ಸಾಕು.

ಅರಬ್ಬಿ ಸಮುದ್ರದ ನೈಟ್ರೇಟ್, ಅಂದರೆ ಸಾರಜನಕ-ಆಮ್ಲಜನಕ ಕೂಡಿದ ಪೋಷಕಾಂಶದ ಲೆಕ್ಕವೂ ಹೀಗೇ. ಅದರ ಮಧ್ಯ ಮತ್ತು ಈಶಾನ್ಯ ಭಾಗದಲ್ಲಿ ಸುಮಾರು 150 ಮೀಟರಿನಿಂದ ಕೆಳಗೆ ನೂರಾರು ಮೀಟರ್ ದಪ್ಪಕ್ಕೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾ ಆಮ್ಲಜನಕದ ಬದಲು ನೈಟ್ರೇಟನ್ನೇ ಉಸಿರಾಡಿ ಅದನ್ನು ಸಾರಜನಕ ಅನಿಲವಾಗಿಸಿ ಬಿಡುತ್ತವೆ. ಸಮುದ್ರದ ಗೊಬ್ಬರ ಗಾಳಿಪಾಲು! ಹೀಗೆ ಭಾರೀ ನಷ್ಟವಾಗುವ ಜಾಗಗಳು ತೆರೆದ ಸಾಗರದಲ್ಲಿ ಮೂರೇ, ಉಳಿದೆರಡೂ ಪೆಸಿಫಿಕ್‌ನಲ್ಲಿವೆ.

ಗಾಳಿಯ ಸಾವಿರ ಸಾರಜನಕ ಪರಮಾಣುಗಳಲ್ಲಿ 996 ಹಗುರ, ತೂಕ 14. ಉಳಿದ ನಾಲ್ಕಕ್ಕೆ ಒಂದು ಹೆಚ್ಚು, 15. ಬ್ಯಾಕ್ಟೀರಿಯಾಗಳಿಗೆ ಹಗುರದ್ದು ಸಲೀಸು, ಹಾಗಾಗಿ ಉಳಿಯುವ ನೈಟ್ರೇಟಿನಲ್ಲಿ 15ರ ಪಾಲು ಏರುತ್ತದೆ. ಗಾಳಿಯಲ್ಲಿ ಆ ಪಾಲು ಸಾವಿರ ಅಂದುಕೊಂಡರೆ, ಸಾಗರದ ಆಳದ ನೈಟ್ರೇಟಿನಲ್ಲಿ ಅದು ಸುಮಾರು 1005; ಅರಬ್ಬಿ ಸಮುದ್ರದ ಈ ಪದರದಲ್ಲಿ 1015ನ್ನೂ ದಾಟುತ್ತದೆ.

ಇಷ್ಟು ಸಣ್ಣ ವ್ಯತ್ಯಾಸ ಅಳೆಯುವ ಉಪಾಯ ನನಗೆ ಬಲು ಇಷ್ಟ. 2001ರಲ್ಲಿ ಪ್ರಕಟವಾದ ವಿಧಾನದಲ್ಲಿ ನೈಟ್ರೇಟನ್ನೇ ಉಸಿರಾಡುವ ಇನ್ನೊಂದು ಬ್ಯಾಕ್ಟೀರಿಯಾವನ್ನು ಸೀಸೆಗೆ ಬಿಡುತ್ತಾರೆ. ಅದು ನೈಟ್ರೇಟನ್ನು ಅಷ್ಟೂ ನೈಟ್ರಸ್ ಆಕ್ಸೈಡ್ ಮಾಡಿ ನಿಲ್ಲಿಸುತ್ತದೆ, ಮುಂದಿನ ಮೆಟ್ಟಿಲಿಗೆ ಬೇಕಾದ ಕಿಣ್ವ ಅದಕ್ಕಿಲ್ಲ. ಆ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರ್ ತೂಗುತ್ತದೆ. ಕಳ್ಳನ ದಾಯಾದಿಯನ್ನೇ ಪಂಚನಾಮೆಗೆ ಕರೆದ ಹಾಗೆ.

ಅದೇ ಅನಿಲದಲ್ಲಿ ಆಮ್ಲಜನಕದ ಹಗುರ-ಭಾರದ ಗುರುತೂ ಸಿಗುತ್ತದೆ. ತಿಂದದ್ದನ್ನು ಅರ್ಧಕ್ಕೇ ಉಗುಳುವ ಹುಡುಗರಿರುತ್ತಾರಲ್ಲ? ನೈಟ್ರೇಟ್ ಒಂದು ಆಮ್ಲಜನಕ ಕಳೆದುಕೊಂಡು ನೈಟ್ರೈಟಾಗಿ, ಮತ್ತೆ ನೈಟ್ರೇಟಾಗುವುದುಂಟು. ಆಗ ಸೇರುವ ಹೊಸ ಆಮ್ಲಜನಕ ನೀರಿನದ್ದು. ಬರೀ ನಷ್ಟವಾದರೆ ಸಾರಜನಕ, ಆಮ್ಲಜನಕ ಎರಡರ ಗುರುತೂ ಸಮಸಮನಾಗಿ ಏರಬೇಕು, ಇಲ್ಲಿ ಆ ಜೋಡಿ ತಪ್ಪುತ್ತದೆ.

ಈ ಲೆಕ್ಕ ಸೋಲುವುದು ತಳದ ಕೆಸರಿನಲ್ಲಿ. ಅಲ್ಲಿಗೆ ಇಳಿದ ನೈಟ್ರೇಟ್ ಆರಿಸುವ ಮಾತಿಲ್ಲದೆ ಪೂರ್ತಿ ಖರ್ಚಾಗುತ್ತದೆ; ಖಾಲಿ ಪೊಟ್ಟಣದಲ್ಲಿ ಎಣಿಸುವುದೇನನ್ನು? ಗೋವಾ ಕರಾವಳಿಯ ಆಳವಿಲ್ಲದ ನೀರೂ ಮಳೆಗಾಲದ ಕೊನೆಗೆ ಆ ಗತಿಗೆ ಬರುತ್ತದೆ. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕ್ಯಾಂಡೋಲಿಮ್ ಎದುರು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ತಳದ ನೀರೆತ್ತಿದಾಗ ನೈಟ್ರೇಟ್ ಮುಗಿದು, ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳ ಸರದಿ ಶುರುವಾಗಿದ್ದು ಕಂಡದ್ದಿದೆ. ಆ ನೀರಿಗೆ ಕೊಳೆತ ಮೊಟ್ಟೆಯ ವಾಸನೆ.