ಅಜ್ಜನ ಪುಸ್ತಕ ಗುಜರಿಗೆ ಹೋಗಿಲ್ಲ ಮಾರಾಯ್ರೇ

ಪ್ರಶ್ನೆ: ನಮ್ಮ ಅಜ್ಜನ ಪತ್ರ, ಡೈರಿ, ಪುಸ್ತಕ ಎಲ್ಲವನ್ನೂ ಮಂಗಳೂರಿನ ಒಂದು ಲೈಬ್ರರಿಯ ಪತ್ರಾಗಾರಕ್ಕೆ ಕೊಟ್ಟಿದ್ದೆವು. ಈಗ ನೋಡಿದರೆ ಪೆಟ್ಟಿಗೆಯಲ್ಲಿ ಬರೀ ಪತ್ರ, ಡೈರಿ ಇವೆ. ಪುಸ್ತಕ ಒಂದೂ ಇಲ್ಲ. ಗುಜರಿಗೆ ಹಾಕಿದರಾ?

ಉತ್ತರ: ಪ್ರತಿ ಮಳೆಗಾಲ ಈ ಪ್ರಶ್ನೆ ಬರುತ್ತದೆ. ಅಟ್ಟ ಸೋರಲು ಶುರುವಾದಾಗಲೇ ಅಲ್ವಾ ನಮಗೆ ಅಜ್ಜನ ಪೆಟ್ಟಿಗೆ ನೆನಪಾಗುವುದು! ಇರಲಿ, ಇನ್ನೊಮ್ಮೆ ಹೇಳುತ್ತೇನೆ.

ಪೆಟ್ಟಿಗೆಯಿಂದ ಹೊರಗೆ ಬಂತು ಅಂದರೆ ಗುಜರಿಗೆ ಹೋಯಿತು ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಅಜ್ಜನ ಪತ್ರ ಜಗತ್ತಿನಲ್ಲಿ ಒಂದೇ ಪ್ರತಿ. ಪುಸ್ತಕ ಹಾಗಲ್ಲ. ಪೆಟ್ಟಿಗೆಯಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದ 1894ರ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟು ಇತ್ತು ಅನ್ನಿ. ಅದು ಪತ್ರಗಳ ಅಡಿಯಲ್ಲೇ ಉಳಿದರೆ ಕ್ಯಾಟಲಾಗ್‌ಗೆ ಬರುವುದಿಲ್ಲ. ಬಾಸೆಲ್ ಮಿಶನ್ ಪ್ರೆಸ್ಸಿನ ಪುಸ್ತಕ ಹುಡುಕಿಕೊಂಡು ಬರುವ ವಿದ್ಯಾರ್ಥಿ ನಿಮ್ಮ ಅಜ್ಜನ ಹೆಸರು ಹಿಡಿದು ಯಾಕೆ ಹುಡುಕುತ್ತಾನೆ? ಕ್ಯಾಟಲಾಗ್ ಮಾಡಿ ರ‍್ಯಾಕಿನಲ್ಲಿಟ್ಟರೆ ಅವನಿಗೂ ಸಿಗುತ್ತದೆ, ನಿಮಗೂ ಸಿಗುತ್ತದೆ.

"ಹಾಗಾದರೆ ಅಜ್ಜನ ಸಂಗ್ರಹ ಒಡೆದ ಹಾಗಾಗಲಿಲ್ಲವೇ?" ಇದು ಅದೇ ನಂಬಿಕೆಯ ಇನ್ನೊಂದು ಮುಖ. ಇಲ್ಲ. ಸಂಗ್ರಹವನ್ನು ಒಟ್ಟಿಗೆ ಹಿಡಿದಿಡುವುದು ರಟ್ಟಿನ ಪೆಟ್ಟಿಗೆ ಅಲ್ಲ, ದಾಖಲೆ. ಪುಸ್ತಕ ತೆಗೆಯುವಾಗ ಒಂದು ಪಟ್ಟಿ ಮಾಡಬೇಕು: ಪುಸ್ತಕದ ಹೆಸರು, ಲೇಖಕ, ವರ್ಷ, ಯಾವ ಪೆಟ್ಟಿಗೆಯಲ್ಲಿತ್ತು, ಈಗ ಯಾವ ರ‍್ಯಾಕಿಗೆ ಹೋಯಿತು. ಪಟ್ಟಿಯ ಒಂದು ಪ್ರತಿ ಸಂಗ್ರಹದ ಫೈಲಿನಲ್ಲೇ ಇರಬೇಕು. ಇತ್ತ ಕ್ಯಾಟಲಾಗಿನಲ್ಲಿ "ಇಂಥವರ ಸಂಗ್ರಹದಿಂದ ಬಂದದ್ದು" ಎಂಬ ಸಾಲು ಬೇಕು. ಪುಟಗಳ ನಡುವೆ ಪತ್ರವೋ ಫೋಟೋವೋ ಸಿಕ್ಕಿದರೆ ಯಾವ ಪುಟದಲ್ಲಿತ್ತು ಎಂದು ಬರೆದು ಪತ್ರಗಳ ಜೊತೆಗೇ ಇಡುತ್ತಾರೆ. ಆದ್ದರಿಂದ ಲೈಬ್ರರಿಗೆ ಹೋಗಿ ಜಗಳ ಮಾಡುವ ಮೊದಲು ಆ ಪಟ್ಟಿ ಕೇಳಿ. ಪಟ್ಟಿಯೇ ಇಲ್ಲ ಎಂದರೆ ಧಾರಾಳವಾಗಿ ಜಗಳ ಮಾಡಿ, ನಾನೂ ಬರುತ್ತೇನೆ.

ಮತ್ತೆ, ಅಚ್ಚಾದದ್ದೆಲ್ಲ ಹೊರಗೆ ಹೋಗುವುದಿಲ್ಲ. ಪಂಚಾಂಗದ ಅಂಚಿನಲ್ಲಿ ಅಜ್ಜ ಅಡಿಕೆ ಲೆಕ್ಕ, ಆಳುಗಳ ಸಂಬಳ ಬರೆದಿದ್ದರೆ ಅದು ಪಂಚಾಂಗ ಅಲ್ಲ, ಡೈರಿ. ಭಾಗವತರು ಪೆನ್ಸಿಲಿನಲ್ಲಿ ತಾಳ ಗುರುತು ಹಾಕಿದ ಯಕ್ಷಗಾನ ಪ್ರಸಂಗದ ಪುಸ್ತಕವೂ ಹಾಗೇ. ಅಂಥದ್ದನ್ನು ಸಂಗ್ರಹದಲ್ಲೇ ಇಡಬೇಕು. ಬ್ರಹ್ಮಕಲಶದ ಆಮಂತ್ರಣ, ನಾಟಕದ ಹ್ಯಾಂಡ್‌ಬಿಲ್ ಕೂಡ ಫೈಲಿನಲ್ಲೇ ಇರಲಿ, ಬೇರೆ ಕಡೆ ಸಿಗುವ ಸಾಧ್ಯತೆ ಕಡಿಮೆ.

ಪೇಪರ್ ಕಟಿಂಗ್ ಮಾತ್ರ ಬೇರೆಯೇ ಕಥೆ. ನ್ಯೂಸ್‌ಪ್ರಿಂಟ್ ಅಗ್ಗದ ಮರದ ತಿರುಳಿನದ್ದು. ಹಳೆಯದಾದಂತೆ ಅದರಲ್ಲಿ ಆಸಿಡ್ ಹೆಚ್ಚಿ, ಪಕ್ಕದ ಪತ್ರಕ್ಕೂ ಕಂದು ಕಲೆ ಹತ್ತುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಇದು ಇನ್ನೂ ಬೇಗ. ಅದಕ್ಕೇ ಒಳ್ಳೆಯ ಕಾಗದದಲ್ಲಿ ನಕಲು ತೆಗೆದು, ಮೂಲವನ್ನು ಬೇರೆ ಇಡುವುದು.

ನಿಜವಾಗಿ ಕೈಬಿಡುವುದೂ ಉಂಟು. ಲೈಬ್ರರಿಯಲ್ಲಿ ಆಗಲೇ ಇರುವ ಪುಸ್ತಕದ ಇನ್ನೊಂದು ಪ್ರತಿ, ಒರಲೆ ತಿಂದು ಮುಗಿಸಿದ್ದು, ಇಂಥವು. ಅದನ್ನು ವಾಪಸ್ ಕೊಡಬೇಕಾ, ಬೇರೆ ಲೈಬ್ರರಿಗೆ ದಾಟಿಸಬಹುದಾ ಎಂದು ಕೊಡುವ ದಿನವೇ ದಾನಪತ್ರದಲ್ಲಿ ಬರೆಸಿ. ಆಮೇಲೆ ಕೇಳಿ ಪ್ರಯೋಜನವಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಅಜ್ಜನಿಗೆ ಶಿವರಾಮ ಕಾರಂತರು ಬರೆದ ಕಾರ್ಡು ಸಿಕ್ಕಿತು ಅನ್ನಿ. ಕಾರ್ಡು ನಿಮ್ಮದು, ಅದರಲ್ಲಿರುವ ಬರಹದ ಹಕ್ಕು ನಿಮ್ಮದಲ್ಲ. ಅದು ಬರೆದವರ ವಾರಸುದಾರರದ್ದು, ಇಲ್ಲವೇ ಅವರು ಉಯಿಲಿನಲ್ಲಿ ಯಾರಿಗೆ ಬರೆದಿಟ್ಟರೋ ಅವರದ್ದು. ಲೇಖಕರು ಬದುಕಿದ್ದಾಗ ಪ್ರಕಟವಾದ ಬರಹಕ್ಕೆ, ಅವರು ತೀರಿಹೋದ ಮರುವರ್ಷದಿಂದ 60 ವರ್ಷ ಕಾಪಿರೈಟ್. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ಅವರ ಕಾಲದಲ್ಲೇ ಅಚ್ಚಾದ ಕವನಗಳು 2024ರಿಂದ ಮುಕ್ತ. ಕಾರಂತರು ಹೋದದ್ದು 1997ರಲ್ಲಿ, ಅವರ ಪುಸ್ತಕಗಳಿಗೆ 2057ರ ಕೊನೆಯವರೆಗೆ ಕಾಯಬೇಕು. ಅಚ್ಚೇ ಆಗದೆ ಉಳಿದ ಪತ್ರಕ್ಕೆ ಲೆಕ್ಕ ಬೇರೆ: ಲೇಖಕರು ತೀರಿದ ಮೇಲೆ ಅದು ಪ್ರಕಟವಾದರೆ, ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಗಾಗಿ ಕಾರ್ಡನ್ನು ಲೈಬ್ರರಿಗೆ ಕೊಡಲು ಯಾರ ಅಪ್ಪಣೆಯೂ ಬೇಡ. ಪುಸ್ತಕ ಮಾಡುವುದಾದರೆ ಮಾತ್ರ ಆ ಹಕ್ಕು ಇರುವವರನ್ನು ಕೇಳಿಯೇ ಮುಂದುವರಿಯಿರಿ.