ಚಟ್ನಿ ಮಾಡುವವನ ಬೆರಳು

ಹೋಟೆಲ್ ಹುಡುಗರಿಗೆ ಶುಚಿತ್ವದ ತರಬೇತಿ ಕೊಡಲು ಹೋದಾಗ ನಾನು ಮೊದಲು ನೋಡುವುದು ನೆಲವನ್ನಲ್ಲ, ಬೆರಳುಗಳನ್ನು. ಈಚೆಗೆ ಬೆಂಗಳೂರಿನ ಒಂದು ದರ್ಶಿನಿಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದವನ ಹೆಬ್ಬೆರಳಿಗೆ ಬಟ್ಟೆ ಚೂರು ಸುತ್ತಿತ್ತು. ಒದ್ದೆ ಬಟ್ಟೆ, ಅಂಚಲ್ಲಿ ಹಳದಿ. “ಏನಿಲ್ಲ ಸಾರ್, ಸ್ವಲ್ಪ ಕೊಯ್ದಿದೆ” ಅಂತ ಕೈ ಹಿಂದಕ್ಕೆ ಎಳೆದುಕೊಂಡ.

ಕೀವಾದ ಗಾಯದಲ್ಲಿ ಹೆಚ್ಚಾಗಿ ಇರುವುದು ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ. ಆರೋಗ್ಯವಾಗಿರುವ ಎಷ್ಟೋ ಜನರ ಮೂಗಿನೊಳಗೂ ಇರುತ್ತದೆ. ಅದು ಚಟ್ನಿಗೆ ಇಳಿದು, ಚಟ್ನಿ ಬಕೆಟ್ ಬೆಳಿಗ್ಗೆ 6ರಿಂದ 11ರವರೆಗೆ ಕೌಂಟರ್ ಮೇಲೇ ಕೂತರೆ, ಆ ಬೆಚ್ಚಗಿನಲ್ಲಿ ಬೆಳೆದು ವಿಷ ಬಿಡುತ್ತದೆ. ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ ಶುರು.

“ಕುದಿಸಿದ್ರೆ ಎಲ್ಲಾ ಸತ್ತುಹೋಗುತ್ತೆ ಅಲ್ವಾ?” ಅಂದರು ಅಡುಗೆ ಭಟ್ಟರು. ಚಟ್ನಿಯನ್ನು ಯಾರು ಕುದಿಸುತ್ತಾರೆ? ಸಾಗು, ಪಲ್ಯವನ್ನು ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದು ಆಗಲೇ ಬಿಟ್ಟ ವಿಷ ಹಾಗೇ ಉಳಿಯುತ್ತದೆ. ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲೂ ಇದೇ ಕಥೆ, ಅಲ್ಲಿ ಬೇರೆ ಬ್ಯಾಕ್ಟೀರಿಯಾ. ಬೆಳಿಗ್ಗೆ ಚಿತ್ರಾನ್ನದ ಒಗ್ಗರಣೆ ಹಾಕಿದರೆ ಆ ವಿಷ ಹೋಗಲ್ಲ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣಗಿನದು 5 ಡಿಗ್ರಿಯೊಳಗೆ ಇರಬೇಕು ಅನ್ನುವುದು ಇದಕ್ಕೇ. ಚಟ್ನಿಯನ್ನು ಸ್ವಲ್ಪ ಸ್ವಲ್ಪವೇ ರುಬ್ಬಿ, ಉಳಿದ ತುರಿಯನ್ನು ಫ್ರಿಜ್‌ನಲ್ಲಿಡಿ.

ಗ್ಲೌಸ್ ಹಾಕಿದರೆ ಸಾಕು ಅನ್ನುವವರೂ ಇದ್ದಾರೆ. ಅದೇ ಗ್ಲೌಸ್‌ನಲ್ಲಿ ನೋಟು ಎಣಿಸಿ, ಟೇಬಲ್ ಒರೆಸಿ, ವಡೆ ಎತ್ತಿಕೊಡುವುದನ್ನು ನೀವೂ ನೋಡಿರುತ್ತೀರಿ. ಅದಕ್ಕಿಂತ ಸೋಪು ಹಚ್ಚಿ ತೊಳೆದ ಬರಿಗೈ ವಾಸಿ.

ತೆರೆದ ಗಾಯ ಇರುವವರು ಆಹಾರ ಮುಟ್ಟಬಾರದು ಅಂತ ಆಹಾರ ಸುರಕ್ಷತೆಯ ನಿಯಮವೇ ಹೇಳುತ್ತದೆ. ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯೂ ಆಗಬೇಕು. ಈ ಹೋಟೆಲ್ಲಿನ ಫೈಲಲ್ಲಿ ಸರ್ಟಿಫಿಕೇಟುಗಳೆಲ್ಲ ನೀಟಾಗಿದ್ದವು. ಆದರೆ ಆರು ತಿಂಗಳ ಹಿಂದಿನ ಸರ್ಟಿಫಿಕೇಟಿಗೆ ನಿನ್ನೆ ಕೊಯ್ದ ಬೆರಳು ಗೊತ್ತಿರುತ್ತದೆಯೇ? ಹುಡುಗನಿಗೆ ಗೊತ್ತಿತ್ತು, ಹೇಳಲಿಲ್ಲ. ಹೇಳಿದರೆ ಮನೆಗೆ ಕಳಿಸುತ್ತಾರೆ, ದಿನದ ಸಂಬಳ ಹೋಗುತ್ತದೆ. ನನ್ನ ಮಟ್ಟಿಗೆ ಇದು ಹುಡುಗನ ತಪ್ಪಲ್ಲ, ಸಂಬಳ ಕಡಿಯುವವರ ತಪ್ಪು.

ಅವತ್ತಿನ ಚಟ್ನಿ ಚೆಲ್ಲಿಸಿದೆ. ಗಾಯ ತೊಳೆದು ನೀರು ಇಳಿಯದ ಪಟ್ಟಿ ಹಾಕಿಸಿ, ಮಾಯುವವರೆಗೆ ಅವನನ್ನು ಟೋಕನ್ ಕೊಡಲು ಕೂರಿಸಿ, ಸಂಬಳ ಹಿಡಿಯಬೇಡಿ ಅಂದೆ. ಮಾಲೀಕರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಮುಂದಿನ ವಾರ ಹೋದಾಗ ದೋಸೆ ಹುಯ್ಯುವವನು ತಾನಾಗಿಯೇ ಬಂದು ಅಂಗೈ ತೋರಿಸಿದ. ಕಾವಲಿ ತಾಗಿ ಬೊಬ್ಬೆ ಎದ್ದಿತ್ತು.