ಹೊಲಿಗೆ ಬಿಚ್ಚಿ ಎರಡು ತಿಂಗಳಾಯ್ತು, ಕಲೆ ಇನ್ನೂ ಯಾಕೆ ಕೆಂಪು?

ಮೇ ತಿಂಗಳ ರಣ ಬಿಸಿಲಲ್ಲಿ ಅಜ್ಜಿಯೊಬ್ಬರು ಮೊಮ್ಮಗಳನ್ನು ಎತ್ತಿಕೊಂಡು ಕಲಬುರಗಿಯ ನಮ್ಮ ಕ್ಲಿನಿಕ್ಕಿಗೆ ಬಂದರು. ಮಗುವಿಗೆ ಮೂರು ವರ್ಷ. ಮಾರ್ಚ್‌ನಲ್ಲಿ ಶಹಾಬಾದ್ ಕಲ್ಲಿನ ಮೆಟ್ಟಿಲ ಅಂಚು ಬಡಿದು ಹಣೆ ಸೀಳಿತ್ತು. ನಾನೇ ನಾಲ್ಕು ಹೊಲಿಗೆ ಹಾಕಿದ್ದೆ.

"ಹೊಲಿಗಿ ಬಿಚ್ಚಿದಾಗ ಸಣ್ಣ ಗೆರಿ ಇತ್ರಿ ಸಾಹೇಬ್ರ. ಈಗ ಕೆಂಪಗಾಗಿ ಉಬ್ಬ್ಯದ. ಒಳಗ ಏನರೆ ಉಳದದೇನು?"

ಗಾಜಿನ ಪಟ್ಟಿಯಿಂದ ಕಲೆಯನ್ನು ಮೆತ್ತಗೆ ಒತ್ತಿದೆ. ಕೆಂಪು ಮಾಯವಾಗಿ ಬೆಳ್ಳಗಾಯಿತು. ಕೈ ತೆಗೆದ ಕೂಡಲೇ ಮತ್ತೆ ಕೆಂಪು. ಅಂದರೆ ಅದು ರಕ್ತ, ಅಷ್ಟೇ. ಗಾಯ ಮೇಲಿಂದ ಕೂಡಿದ ಮೇಲೂ ಒಳಗೆ ಕೆಲಸ ನಡೆದೇ ಇರುತ್ತದೆ. ಕೊಲಾಜೆನ್ ಎಂಬ ನಾರು ತುಂಬಿಕೊಳ್ಳುತ್ತದೆ, ಅದಕ್ಕೆ ರಕ್ತ ಒಯ್ಯಲು ಹೊಸ ಸಣ್ಣ ನಾಳಗಳು ಹುಟ್ಟುತ್ತವೆ. ಮಕ್ಕಳಲ್ಲಿ ಈ ಕೆಲಸದ ಜೋರು ಜಾಸ್ತಿ. ಅದಕ್ಕೇ ಅವರ ಗಾಯ ಬೇಗ ಕೂಡುತ್ತದೆ, ಕೆಂಪು ಮಾತ್ರ ದೊಡ್ಡವರಿಗಿಂತ ಹೆಚ್ಚು ದಿನ ಉಳಿಯುತ್ತದೆ. ಒಂದೂವರೆ ತಿಂಗಳಿಂದ ಮೂರು ತಿಂಗಳವರೆಗೆ ಕಲೆ ಕಾಣೋದೇ ಕೆಟ್ಟದಾಗಿ. ಆಮೇಲೆ ಹೆಚ್ಚಾದ ನಾರು ಕರಗುತ್ತದೆ, ಉಳಿದದ್ದು ಸಾಲಾಗಿ ಜೋಡಿಕೊಳ್ಳುತ್ತದೆ, ಬಣ್ಣ ಇಳಿಯುತ್ತದೆ. ಇದಕ್ಕೆ 12ರಿಂದ 18 ತಿಂಗಳು ಬೇಕು. ಕಲೆ ಪೂರ್ತಿ ಅಳಿಸಿ ಹೋಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ ಐದನೇ ದಿನದ ಹೊತ್ತಿಗೆ ಬಿಚ್ಚುತ್ತೇವೆ. "ಶರಣಬಸವೇಶ್ವರ ಜಾತ್ರಿ ಮುಗಿಸ್ಕೊಂಡು ಬರ್ತೀವ್ರಿ" ಅಂತ ಹೋದವರು ಹನ್ನೆರಡು ದಿನಕ್ಕೆ ಬಂದರೆ, ಗೆರೆಯ ಎರಡೂ ಪಕ್ಕ ದಾರದ ಗುರುತು ನಿಂತುಬಿಡುತ್ತದೆ, ರೈಲು ಹಳಿಯ ಹಾಗೆ. ಹುಬ್ಬು ಸೀಳಿದ್ದರೆ ಕೂದಲು ಮಾತ್ರ ಬೋಳಿಸಬೇಡಿ. ಎರಡೂ ಅಂಚು ಸರಿಯಾಗಿ ಕೂಡಿಸಲು ನಮಗೆ ಆ ಕೂದಲೇ ದಾರಿ ತೋರಿಸೋದು.

ಅಜ್ಜಿ ಕಲೆಯ ಮೇಲೆಯೇ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಿದ್ದರು! ಹಸಿ ಗಾಯದಲ್ಲಿ ಮಸಿ ಕೂತರೆ ಹಚ್ಚೆಯ ಹಾಗೆ ಉಳಿದುಬಿಡುತ್ತದೆ. ಈಗ ಗಾಯ ಕೂಡಿದೆ, ಭಯವಿಲ್ಲ. ಆದರೂ ಬೊಟ್ಟು ಕೆನ್ನೆಗೆ ಇಡಿ ಅಂದೆ. ಅರಿಶಿನ, ಕಾಫಿ ಪುಡಿ, ಟೂತ್‌ಪೇಸ್ಟ್ ಕೂಡ ಗಾಯಕ್ಕೆ ಬೇಡ. ಮೊದಲ ದಿನಗಳಲ್ಲಿ ಸಾದಾ ವ್ಯಾಸಲಿನ್ ಸಾಕು. ವಿಟಮಿನ್ ಇ ಎಣ್ಣೆಯಿಂದ ಲಾಭವಿಲ್ಲ, ಕೆಲವರಿಗೆ ತುರಿಕೆ ಬರುತ್ತದೆ. ಹೊಲಿಗೆ ಬಿಚ್ಚಿ ಎರಡು ಮೂರು ವಾರದ ನಂತರ ಬೆರಳಿನಿಂದ ಹಗುರಾಗಿ ತಿಕ್ಕಬಹುದು. ಉಬ್ಬಿದ ಕಲೆಗೆ ಸಿಲಿಕೋನ್ ಜೆಲ್ ಬರೆದುಕೊಡುತ್ತೇನೆ. ಅದನ್ನು ತಿಂಗಳುಗಟ್ಟಲೆ ಹಚ್ಚಬೇಕು, ಹದಿನೈದು ದಿನಕ್ಕೆ ಬೇಜಾರಾಗಿ ಬಿಡೋರೇ ಜಾಸ್ತಿ.

ನಮ್ಮೂರಲ್ಲಿ ಎಲ್ಲಕ್ಕಿಂತ ದೊಡ್ಡ ಕಾಟ ಬಿಸಿಲು. ಹೊಸ ಕಲೆಗೆ ಬಿಸಿಲು ಬಿದ್ದರೆ ಅದು ಕಪ್ಪಾಗುತ್ತದೆ, ಆ ಕಪ್ಪು ಬೇಗ ಹೋಗುವುದಿಲ್ಲ. ಒಂದು ವರ್ಷ ಟೋಪಿ, ಜೊತೆಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್.

ಕಲೆ ಗಾಯದ ಗಡಿ ದಾಟಿ ಬೆಳೆದರೆ, ರೆಪ್ಪೆ ಅಥವಾ ತುಟಿಯನ್ನು ಎಳೆದರೆ ಕಾಯದೆ ಬನ್ನಿ. ಇಲ್ಲದಿದ್ದರೆ ಕಲೆ ತಿದ್ದುವ ಆಪರೇಷನ್ ಮಾತು ಒಂದು ವರ್ಷ ಬೇಡ. ಪ್ರತಿ ತಿಂಗಳ ಒಂದನೇ ತಾರೀಕು, ಒಂದೇ ಕಿಟಕಿಯ ಬೆಳಕಲ್ಲಿ ಒಂದು ಫೋಟೋ ತೆಗೆದಿಡಿ ಎಂದು ಅಜ್ಜಿಗೆ ಹೇಳಿದೆ. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯಲ್ಲ, ಅಲ್ವಾ?

"ಫೋಟೋಕ್ಕ ಪೌಡರ್ ಹಚ್ಚಬಹುದಲ್ರಿ?"

"ಅದೊಂದು ದಿನ ಬಿಡಿ ಅಮ್ಮ, ನನಗೆ ಕಲೆ ಕಾಣಬೇಕು."